ಬಟರ್‌ವರ್ಟ್‌ನ ಎಲೆ ಜಿಗುಟು ಕಳೆದುಕೊಂಡರೆ ಗಿಡ ಸಾಯುತ್ತಿದೆಯೇ?

ಪ್ರಶ್ನೆ: ಬೇಸಿಗೆಯ ಕೊನೆಯಲ್ಲಿ ‘ಮೌಂಟನ್ ಬಟರ್‌ವರ್ಟ್’ ಎಂಬ ಚೀಟಿಯಿದ್ದ ಒಂದು ಕೀಟಾಹಾರಿ ಗಿಡ ತಂದೆ. ಆಗ ಅದಕ್ಕೆ ಅಗಲವಾದ, ಜಿಗುಟಾದ ಎಲೆಗಳಿದ್ದವು. ಸಣ್ಣ ನೊಣಗಳು ಅಂಟಿಕೊಳ್ಳುತ್ತಿದ್ದವು. ಚಳಿ ಶುರುವಾದ ಮೇಲೆ ದೊಡ್ಡ ಎಲೆಗಳೆಲ್ಲ ಒಣಗಿ, ನಡುವೆ ಉಗುರಿನಷ್ಟು ಚಿಕ್ಕ, ದಪ್ಪ ಎಲೆಗಳು ಒತ್ತೊತ್ತಾಗಿ ಬಂದಿವೆ. ಒಂದರಲ್ಲೂ ಅಂಟಿಲ್ಲ. ಗಿಡ ಸಾಯುತ್ತಿದೆ ಎಂದು ಹೆದರಿ ನೀರು ಹೆಚ್ಚಿಸಿದೆ, ಒಮ್ಮೆ ದ್ರವಗೊಬ್ಬರವನ್ನೂ ಹಾಕಿದೆ. ಇದನ್ನು ಉಳಿಸುವುದು ಹೇಗೆ? ನನ್ನಲ್ಲಿ ವೀನಸ್ ಫ್ಲೈಟ್ರ್ಯಾಪ್, ಸನ್‌ಡ್ಯೂ ಎಂಬ ಕೀಟಾಹಾರಿ ಗಿಡಗಳೂ ಇವೆ. ಮೂರನ್ನೂ ಒಂದೇ ನೀರಿನ ತಟ್ಟೆಯಲ್ಲಿ ಇಡಬಹುದೇ?

ಉತ್ತರ: ಮೊದಲು ತಟ್ಟೆಯಲ್ಲಿರುವ ನೀರು ಚೆಲ್ಲಿಬಿಡಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ನಿಮ್ಮ ಗಿಡ ಸಾಯುತ್ತಿಲ್ಲ, ಚಳಿಗಾಲಕ್ಕೆ ವೇಷ ಬದಲಿಸಿದೆ. ನೀವು ಕೊಟ್ಟ ಲಕ್ಷಣಗಳನ್ನು ನೋಡಿದರೆ ಇದು ಮೆಕ್ಸಿಕೋದ ಬೆಟ್ಟಗಳ ಬಟರ್‌ವರ್ಟ್. ಪಿಂಗ್ವಿಕ್ಯುಲ ಮೊರಾನೆನ್ಸಿಸ್ ಇರಬಹುದು, ಇಲ್ಲವೇ ಅದರ ರಕ್ತ ಹಂಚಿಕೊಂಡ ಯಾವುದಾದರೂ ಮಿಶ್ರತಳಿ. ಮನೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಇವೇ. ಯುರೋಪಿನ ಅನ್ವೇಷಕರಾದ ಹಂಬೋಲ್ಟ್ ಮತ್ತು ಬೋನ್‌ಪ್ಲಾನ್ ಮೆಕ್ಸಿಕೋದ ಮೊರಾನ್ ಗಣಿಯ ಹತ್ತಿರ ಸಂಗ್ರಹಿಸಿದ ಈ ಗಿಡಕ್ಕೆ 1817ರಲ್ಲಿ ಸಸ್ಯವಿಜ್ಞಾನಿ ಕುಂಟ್ ಹೆಸರಿಟ್ಟರು. ಅದು ಬೆಳೆಯುವ ಬೆಟ್ಟಗಳಲ್ಲಿ ಮಳೆ ಬರುವುದು ಬೇಸಿಗೆಯಲ್ಲಿ. ಆಗ ಹುಳುಗಳೂ ಹೇರಳ, ಅಂಟು ಸುರಿಸಲು ನೀರೂ ಹೇರಳ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲ, ಮಂಜಿನ ಪಸೆಯಷ್ಟೇ ಗತಿ. ಹುಳುಗಳೇ ಇಲ್ಲದ, ನೀರೂ ಇಲ್ಲದ ಕಾಲದಲ್ಲಿ ಅಂಟೆಲೆಗಳನ್ನು ಸಾಕುವುದು ಗಿಡಕ್ಕೆ ಬರೀ ನಷ್ಟ. ಹಾಗಾಗಿ ಅವನ್ನು ಒಣಗಲು ಬಿಟ್ಟು, ನೀರು ಕೂಡಿಟ್ಟುಕೊಳ್ಳುವ ದಪ್ಪ ಎಲೆಗಳ ಒಂದು ಪುಟ್ಟ ಗುಚ್ಛ ಕಟ್ಟಿಕೊಂಡು ಕೂರುತ್ತದೆ. ಈ ಸ್ಥಿತಿಯಲ್ಲಿ ಅದು ಕೀಟಾಹಾರಿಯೇ ಅಲ್ಲ. ಬೇರೂ ಹೆಸರಿಗಷ್ಟೇ ಇರುತ್ತದೆ. ಇಂಥ ಗಿಡದ ಬುಡವನ್ನು ಸದಾ ಒದ್ದೆಯಾಗಿಟ್ಟರೆ ಕೊಳೆಯುತ್ತದೆ. ಮನೆಗಳಲ್ಲಿ ಸತ್ತ ಮೆಕ್ಸಿಕನ್ ಬಟರ್‌ವರ್ಟ್‌ಗಳಲ್ಲಿ ಬಹುಪಾಲು ಚಳಿಗಾಲದ ನೀರಿನಿಂದ ಸತ್ತವು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗೊಂದಲಕ್ಕೆ ಆ ಚೀಟಿಯೂ ಕಾರಣ. ‘ಮೌಂಟನ್’ ಎಂದರೆ ಯಾವ ಬೆಟ್ಟ? ಬಟರ್‌ವರ್ಟ್‌ಗಳ ಕುಲವಾದ ಪಿಂಗ್ವಿಕ್ಯುಲದಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಸುಮಾರು ಅರ್ಧ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದವು. ಇನ್ನೊಂದು ದೊಡ್ಡ ಗುಂಪು ಯುರೋಪಿನ ಪರ್ವತಗಳದ್ದು, ಉತ್ತರದ ಚಳಿ ಪ್ರದೇಶಗಳದ್ದು: ನೇರಳೆ ಹೂವಿನ ವಲ್ಗಾರಿಸ್, ಐರ್ಲೆಂಡಿನಲ್ಲೂ ಪಿರಿನೀಸ್‌ನಲ್ಲೂ ಬೆಳೆಯುವ ಗ್ರಾಂಡಿಫ್ಲೋರ, ಆಲ್ಪ್ಸ್‌ನಿಂದ ಹಿಮಾಲಯದವರೆಗೆ ಹಬ್ಬಿರುವ, ಬಿಳಿ ಹೂವಿನ ಗಂಟಲಲ್ಲಿ ಹಳದಿ ಮಚ್ಚೆಯಿರುವ ಆಲ್ಪಿನಾ. ಎರಡೂ ಗುಂಪು ಬೆಟ್ಟದವೇ, ಆದರೆ ಒಂದಕ್ಕೆ ಚಳಿಗಾಲವೆಂದರೆ ಬರ, ಇನ್ನೊಂದಕ್ಕೆ ಹಿಮ. ಈ ವ್ಯತ್ಯಾಸ ತಿಳಿದರೆ ಬಟರ್‌ವರ್ಟ್ ಸಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿದ ಹಾಗೆ. ಯಾವ ಕೀಟಾಹಾರಿ ಗಿಡ ಕೈಗೆ ಬಂದರೂ ‘ಇದು ಏನು ತಿನ್ನುತ್ತದೆ’ ಎಂದು ಕೇಳುವ ಮೊದಲು ‘ಇದರ ತವರಿನಲ್ಲಿ ಚಳಿಗಾಲ ಹೇಗಿರುತ್ತದೆ’ ಎಂದು ಕೇಳಿ.

ಎರಡನ್ನೂ ಗುರುತಿಸುವುದು ಕಷ್ಟವಿಲ್ಲ. ಚಳಿಗಾಲದಲ್ಲಿ ಮೆಕ್ಸಿಕೋದ್ದು ನೆಲಕ್ಕಂಟಿಕೊಂಡು ಅರಳಿದ ಸೇವಂತಿಗೆಯ ಹಾಗೆ ಕಾಣುತ್ತದೆ: ಎಲೆಗಳು ಬಿಡಿಬಿಡಿಯಾಗಿ ಎಣಿಸುವಂತಿರುತ್ತವೆ, ಹಸಿರಾಗಿರುತ್ತವೆ, ಕೆಲವು ತಳಿಗಳಲ್ಲಿ ಸಣ್ಣ ರೋಮವೂ ಇರುತ್ತದೆ. ಯುರೋಪಿನದ್ದರಲ್ಲಿ ಎಲೆಯೇ ಉಳಿಯುವುದಿಲ್ಲ. ಬಿಗಿಯಾಗಿ ಮುಚ್ಚಿದ ಒಂದು ಹಸಿರು ಮೊಗ್ಗು ಮಾತ್ರ ಮಣ್ಣಿನ ಮಟ್ಟದಲ್ಲಿ ಕೂತಿರುತ್ತದೆ. ನಿಮ್ಮದು ಮೊದಲನೆಯದು.

ಬದುಕಿದೆಯೋ ಇಲ್ಲವೋ ಎಂಬುದನ್ನು ಹೀಗೆ ನೋಡಿ. ಹೊರಗಿನ ಹಳೆಯ ಎಲೆಗಳು ಕಾಗದದಂತೆ ಒಣಗಿ ಮಣ್ಣಿಗೆ ಅಂಟಿದ್ದರೆ ಚಿಂತೆಯಿಲ್ಲ, ಅದು ಕ್ರಮ. ನಡುವಿನ ಚಿಕ್ಕ ಎಲೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಗಟ್ಟಿಯಾಗಿ, ಸ್ವಲ್ಪ ಪುಟಿಯುವಂತಿದ್ದರೆ ಗಿಡ ಚೆನ್ನಾಗಿದೆ. ಪಾರದರ್ಶಕವಾಗಿ, ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಜಾರುವಂತಿದ್ದರೆ ಕೊಳೆ ಶುರುವಾಗಿದೆ. ಆಗಲೂ ಎಲ್ಲ ಮುಗಿದಿಲ್ಲ. ಗಟ್ಟಿಯಾಗಿರುವ ಒಂದೇ ಒಂದು ಎಲೆ ಸಿಕ್ಕರೂ ಅದರಿಂದ ಹೊಸ ಗಿಡ ಮಾಡಬಹುದು, ಅದನ್ನು ಮುಂದೆ ಹೇಳುತ್ತೇನೆ.

ಈಗ ಗೊಬ್ಬರದ ವಿಷಯ. ಕೀಟಾಹಾರಿ ಗಿಡಗಳು ಸಾರವಿಲ್ಲದ ನೆಲದಲ್ಲಿ ಬದುಕಲು ಬಂದವು. ಸಾರಜನಕ, ರಂಜಕಗಳನ್ನು ಎಲೆಯ ಮೂಲಕ ಹುಳುಗಳಿಂದ ಪಡೆಯುತ್ತವೆ. ಬೇರುಗಳಿಗೆ ಲವಣ ತಡೆದುಕೊಳ್ಳುವ ಶಕ್ತಿ ಕಡಿಮೆ. ಮಾಮೂಲಿ ಗಿಡಕ್ಕೆ ಹಾಕುವ ಪ್ರಮಾಣದ ಗೊಬ್ಬರ ಇವುಗಳ ಬೇರನ್ನು ಸುಡುತ್ತದೆ, ಮಣ್ಣಿನ ಮೇಲೆ ಪಾಚಿ, ಬೂಷ್ಟು ಬರುತ್ತದೆ. ಹಾಕಿದ್ದನ್ನು ನೀರು ಸುರಿದು ತೊಳೆದುಹಾಕಲು ಈಗ ಹೋಗಬೇಡಿ, ಒದ್ದೆಯೇ ಈಗಿನ ಶತ್ರು. ಅದರ ಬದಲು ಕುಂಡ ಬದಲಿಸಿ. ಅದೃಷ್ಟಕ್ಕೆ ಬೇರು ಕಡಿಮೆಯಿರುವ ಈ ಚಳಿಗಾಲವೇ ಮೆಕ್ಸಿಕೋದ ಬಟರ್‌ವರ್ಟ್‌ಗಳನ್ನು ಎತ್ತಿ ನೆಡಲು ಒಳ್ಳೆಯ ಕಾಲ.

ಗಿಡವನ್ನು ಚಮಚದ ಹಿಡಿಯಿಂದ ಕೆಳಗಿನಿಂದ ಎಬ್ಬಿಸಿ, ಹಳೆಯ ಮಣ್ಣು ಉದುರಿಸಿ, ಒಣಗಿದ ಎಲೆಗಳನ್ನು ಬಿಡಿಸಿ ತೆಗೆಯಿರಿ. ಬುಡದಲ್ಲಿ ಕಪ್ಪಗಾದ ಭಾಗವಿದ್ದರೆ ಶುಚಿಯಾದ ಬ್ಲೇಡಿನಿಂದ ಕೊಯ್ದು ಒಂದು ದಿನ ನೆರಳಲ್ಲಿ ಆರಲು ಬಿಡಿ. ಹೊಸ ಮಿಶ್ರಣಕ್ಕೆ ನಾನು ಮೆಚ್ಚುವುದು ಪರ್ಲೈಟ್, ವರ್ಮಿಕ್ಯುಲೈಟ್ (ಎರಡೂ ಕುಂಡಕ್ಕೆ ಬಳಸುವ ಹಗುರ ಖನಿಜಗಳು), ತೊಳೆದ ದಪ್ಪ ಮರಳು ಸಮಸಮ ಸೇರಿಸಿ, ಅದಕ್ಕೆ ಒಂದು ಹಿಡಿ ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಪಾಚಿ) ಬೆರೆಸಿದ್ದು. ಸಮುದ್ರದ ಮರಳು ಬೇಡವೇ ಬೇಡ, ಉಪ್ಪಿರುತ್ತದೆ. ಪೀಟ್ ಬದಲು ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ಬಳಸುವವರು ಅದನ್ನು ಶುದ್ಧ ನೀರಿನಲ್ಲಿ ಮತ್ತೆಮತ್ತೆ ನೆನೆಸಿ ಹಿಂಡಬೇಕು, ಅದರಲ್ಲೂ ಉಪ್ಪು ಉಳಿದಿರುವುದುಂಟು. ಮೆಕ್ಸಿಕೋದ ಹಲವು ಪ್ರಭೇದಗಳು ಸುಣ್ಣಕಲ್ಲಿನ ಬಂಡೆಗಳ ಮೇಲೆ ಬೆಳೆಯುತ್ತವೆ, ಜಿಪ್ಸಿಕೋಲ ಎಂಬುದು ಜಿಪ್ಸಮ್ ಇಳಿಜಾರುಗಳಲ್ಲೇ ಬೆಳೆಯುತ್ತದೆ. ಆದ್ದರಿಂದ ಫ್ಲೈಟ್ರ್ಯಾಪ್‌ಗೆ ಬೇಕಾದಂಥ ಹುಳಿಮಣ್ಣು ಇವಕ್ಕೆ ಬೇಕಿಲ್ಲ. ನೀರು ಬೇಗ ಬಸಿದು, ಗಾಳಿಯಾಡಿದರೆ ಸಾಕು. ಪರ್ಲೈಟ್ ಸುರಿಯುವ ಮೊದಲು ನೀರು ಚಿಮುಕಿಸಿ, ಅದರ ದೂಳು ಉಸಿರಿಗೆ ಒಳ್ಳೆಯದಲ್ಲ. ಕುಂಡ ಆಳವಿರಬೇಕಿಲ್ಲ.

ನೆಟ್ಟ ಮೇಲೆ ಮಿಶ್ರಣ ಬರೀ ಪಸೆಯಷ್ಟು ತೇವವಿರಲಿ. ಚಳಿಗಾಲ ಮುಗಿಯುವವರೆಗೆ ಎರಡು ಮೂರು ವಾರಕ್ಕೊಮ್ಮೆ ಕುಂಡದ ಅಂಚಿಗೆ ಸ್ವಲ್ಪ ನೀರು ಹನಿಸಿದರಾಯಿತು, ಗುಚ್ಛದ ಮೇಲೆ ಹಾಕಬೇಡಿ. ಎಲೆಗಳು ಸುಕ್ಕುಗಟ್ಟಿದಂತೆ ಕಂಡರೆ ಮಾತ್ರ ಇನ್ನೊಂದು ಚೂರು. ಹಗಲು ಉದ್ದವಾಗಿ, ಸೆಖೆ ಏರಿದಾಗ ನಡುವಿನಿಂದ ಒಂದು ಎಲೆ ಉಳಿದವಕ್ಕಿಂತ ಉದ್ದವಾಗಿ, ತೆಳ್ಳಗೆ ಹೊರಬರುತ್ತದೆ. ಅದರ ಮೇಲ್ಮೈ ಬೆಳಕಿಗೆ ಮಿನುಗಿದರೆ ಅಂಟು ಬಂದಿದೆ ಎಂದರ್ಥ. ನೀರು ಮತ್ತೆ ಶುರು ಮಾಡುವ ಸೂಚನೆ ಅದೇ, ಕ್ಯಾಲೆಂಡರ್ ಅಲ್ಲ. ಆಮೇಲೆ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು ಹಾಕಿ, ಅದು ಪೂರ್ತಿ ಆರಿದ ಒಂದೆರಡು ದಿನಕ್ಕೆ ಮತ್ತೆ ಹಾಕುತ್ತಾ ಹೋಗಿ.

ಎಲೆಯಿಂದ ಗಿಡ ಮಾಡುವ ಮಾತು ಹೇಳಿದೆನಲ್ಲ, ಈ ಗಿಡದ ಸಾಕಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಅದು. ಕುಂಡ ಬದಲಿಸುವಾಗಲೇ ಹೊರಸುತ್ತಿನ ಎರಡು ಮೂರು ಚಳಿಗಾಲದ ಎಲೆಗಳನ್ನು ತೆಗೆದುಕೊಳ್ಳಿ. ಎಲೆಯನ್ನು ಬುಡದ ಹತ್ತಿರ ಹಿಡಿದು ಕೆಳಕ್ಕೂ ಪಕ್ಕಕ್ಕೂ ಮೆಲ್ಲನೆ ಬಾಗಿಸಿದರೆ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ತುದಿಯಲ್ಲಿ ಬೆಳ್ಳಗಿನ ಬುಡ ಪೂರ್ತಿ ಬಂದಿರಬೇಕು. ಹೊಸ ಮೊಳಕೆ ಹುಟ್ಟುವುದು ಅಲ್ಲಿಂದಲೇ, ನಡುವೆ ಮುರಿದ ಎಲೆ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಒದ್ದೆ ಪರ್ಲೈಟ್ ಅಥವಾ ಮರಳಿನ ಮೇಲೆ ಎಲೆಯನ್ನು ಅಂಗಾತ ಮಲಗಿಸಿ, ಹೂಳಬೇಡಿ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. ಕೆಲವು ವಾರಗಳಲ್ಲಿ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಗಂಟು ಕಾಣುತ್ತದೆ, ಒಂದೇ ಎಲೆಗೆ ಒಂದಕ್ಕಿಂತ ಹೆಚ್ಚು ಮರಿಗಳು ಬರುವುದೂ ಉಂಟು. ತಾಯಿಗಿಡ ಉಳಿಯುವುದೋ ಇಲ್ಲವೋ ಎಂಬ ಅನುಮಾನವಿದ್ದಾಗಲೆಲ್ಲ ಮೊದಲು ಎಲೆ ತೆಗೆದಿಟ್ಟುಕೊಳ್ಳಿ.

ಮುಂದೆ ಯುರೋಪಿನ ಬಟರ್‌ವರ್ಟ್ ತರುವ ಆಸೆಯಿದ್ದರೆ ಅದರ ಕ್ರಮವೇ ಬೇರೆ. ವಲ್ಗಾರಿಸ್, ಗ್ರಾಂಡಿಫ್ಲೋರ ಚಳಿಗಾಲದ ಮೊಗ್ಗಾದಾಗ ಬೇರುಗಳು ಸತ್ತುಹೋಗಿರುತ್ತವೆ, ಮೊಗ್ಗು ಮಣ್ಣಿನ ಮೇಲೆ ಸುಮ್ಮನೆ ಕೂತಿರುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳು ಕೊರೆಯುವ ಚಳಿ ಬೇಕೇ ಬೇಕು. ಹೊರಗೆ ಅಂಥ ಚಳಿ ಇಲ್ಲದವರು ಮೊಗ್ಗನ್ನು ತೊಳೆದು, ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಸುತ್ತಿ, ಪುಟ್ಟ ಜಿಪ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ 2ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತಾರೆ. ತಿಂಗಳಿಗೊಮ್ಮೆ ತೆರೆದು ಬೂದುಬಣ್ಣದ ಬೂಷ್ಟು ಬಂದಿದೆಯೇ ನೋಡಬೇಕು. ಮೊಗ್ಗಿನ ಸುತ್ತ ಅಕ್ಕಿಕಾಳಿನಂಥ ಮರಿಮೊಗ್ಗುಗಳಿರುತ್ತವೆ, ಅವನ್ನು ಬಿಡಿಸಿ ಬೇರೆ ನೆಟ್ಟರೆ ಪ್ರತಿಯೊಂದೂ ಗಿಡವಾಗಬಲ್ಲದು. ಗ್ರಾಂಡಿಫ್ಲೋರ ಇದರಲ್ಲಿ ಧಾರಾಳಿ. ಆಲ್ಪಿನಾ ಮಾತ್ರ ಬೇರೆ: ಅದರ ಬೇರು ಚಳಿಗಾಲದಲ್ಲೂ ಜೀವಂತವಾಗಿರುತ್ತದೆ, ಕಿತ್ತು ತೊಳೆದರೆ ನೊಂದುಕೊಳ್ಳುತ್ತದೆ, ಆದ್ದರಿಂದ ಕುಂಡದ ಸಮೇತ ತಣ್ಣಗಿಡಬೇಕು. ಚಳಿಗಿಂತಲೂ ಕಷ್ಟದ್ದು ಬೇಸಿಗೆ. ರಾತ್ರಿಯೂ ಸೆಖೆ ಇಳಿಯದ ಮನೆಯಲ್ಲಿ ಈ ಗುಂಪಿನ ಗಿಡಗಳು ಸೊರಗುತ್ತವೆ. ಫ್ರಿಜ್ ಚಳಿಗಾಲವನ್ನು ಕೊಡಬಲ್ಲದು, ಪರ್ವತದ ಬೇಸಿಗೆಯನ್ನು ಕೊಡಲಾರದು. ಅಂಥ ಮನೆಯವರು ಇವನ್ನು ತರುವುದು ಬೇಡ ಎನ್ನುವುದೇ ನನ್ನ ಸಲಹೆ. ಮೆಕ್ಸಿಕೋದವು ಅದಕ್ಕಿಂತ ಸುಲಭ, ನೋಡಲೂ ಯಾವುದಕ್ಕೂ ಕಡಿಮೆಯಿಲ್ಲ.

ನೀರಿನ ಗುಣಮಟ್ಟ ಮಾತ್ರ ಎಲ್ಲ ಕೀಟಾಹಾರಿ ಗಿಡಗಳಿಗೂ ಒಂದೇ ನಿಯಮ. ಮಳೆನೀರು, ಆರ್‌ಓ ನೀರು, ಬಟ್ಟಿ ಇಳಿಸಿದ ನೀರು ಆಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದಿದ್ದರೆ ಊಹೆಯ ಅಗತ್ಯವಿಲ್ಲ, 50 ಪಿಪಿಎಂ ಒಳಗಿದ್ದರೆ ನಿಶ್ಚಿಂತೆ. ನಲ್ಲಿನೀರನ್ನು ಕುದಿಸಿ ಆರಿಸಿದರೆ ಸಾಕೆಂದು ಹಲವರು ನಂಬಿದ್ದಾರೆ. ಕುದಿಸಿದಾಗ ಸ್ವಲ್ಪ ಸುಣ್ಣ ತಳಕ್ಕೆ ಇಳಿಯಬಹುದು, ಆದರೆ ಉಳಿದ ಲವಣಗಳು ಹಾಗೇ ಇರುತ್ತವೆ, ನೀರು ಆವಿಯಾದಷ್ಟೂ ಗಾಢವಾಗುತ್ತವೆ. ಇದ್ದಿಲಿನ ಫಿಲ್ಟರ್ ಕ್ಲೋರಿನ್ ತೆಗೆಯುತ್ತದೆಯೇ ಹೊರತು ಕರಗಿದ ಲವಣವನ್ನಲ್ಲ. ನೀರು ಮೆದುಗೊಳಿಸುವ ಯಂತ್ರದಿಂದ ಬಂದದ್ದಂತೂ ಸೋಡಿಯಂ ಸೇರಿರುವುದರಿಂದ ಇನ್ನೂ ಕೆಟ್ಟದ್ದು.

ಬೆಳಕು ಧಾರಾಳವಾಗಿರಲಿ. ಬೆಳಗಿನ ಬಿಸಿಲು ಬೀಳುವ ಕಿಟಕಿ ಬಟರ್‌ವರ್ಟ್‌ಗೆ ಚೆನ್ನ, ಇಲ್ಲವಾದರೆ ಬಿಳಿ ಎಲ್‌ಇಡಿ ದೀಪದ ಕೆಳಗೆ ದಿನಕ್ಕೆ 12ರಿಂದ 14 ಗಂಟೆ. ಎಲೆಗಳಲ್ಲಿ ನಸುಗೆಂಪು ಮೂಡಿದರೆ ಬೆಳಕು ಸಾಕಷ್ಟಿದೆ ಎನ್ನಬಹುದು. ಎಲೆ ಉದ್ದುದ್ದವಾಗಿ, ಪೇಲವವಾಗಿ ಮೇಲೇಳುತ್ತಿದ್ದರೆ ಸಾಲದು. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಕೀಟಾಹಾರಿ ಗಿಡ ಇಡುವುದು ನೋಡಲು ಚೆಂದ, ಆದರೆ ಬಿಸಿಲು ಬಿದ್ದರೆ ಅದರೊಳಗಿನ ಗಾಳಿ ಕಾದು ಗಿಡ ಬೆಂದುಹೋಗುತ್ತದೆ, ಬಿಸಿಲಿಗೆ ಹೆದರಿ ನೆರಳಿಗಿಟ್ಟರೆ ಬೂಷ್ಟು. ತೆರೆದ ಕಿಟಕಿಯ ಹತ್ತಿರವೇ ಬಟರ್‌ವರ್ಟ್ ಸುಖವಾಗಿರುತ್ತದೆ.

ಊಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು, ಏಕೆಂದರೆ ಬೇಸಿಗೆ ಬಂದೊಡನೆ ಕೈ ಸುಮ್ಮನಿರುವುದಿಲ್ಲ. ಭೂತಗನ್ನಡಿಯಲ್ಲಿ ಎಲೆ ನೋಡಿ. ಸಣ್ಣ ತೊಟ್ಟಿನ ಮೇಲೆ ಒಂದೊಂದು ಹನಿ ಹೊತ್ತ ಗ್ರಂಥಿಗಳು ಕಾಣುತ್ತವೆ, ಅವುಗಳ ಕೆಲಸ ಹಿಡಿಯುವುದು. ಅವುಗಳ ನಡುವೆ ಎಲೆಗೆ ಅಂಟಿಕೊಂಡಂತೆ ತೊಟ್ಟಿಲ್ಲದ ಗ್ರಂಥಿಗಳಿವೆ, ಅವು ಒಣಗಿಯೇ ಇರುತ್ತವೆ. ನೊಣ ಬಿದ್ದ ಜಾಗದಲ್ಲಿ ಮಾತ್ರ ಅವು ಎಚ್ಚರಗೊಂಡು ಕಿಣ್ವ ಸುರಿಸುತ್ತವೆ, ನೊಣದ ಸುತ್ತ ಸಣ್ಣ ಕೆರೆಯಾಗುತ್ತದೆ. ಹಲವು ಪ್ರಭೇದಗಳಲ್ಲಿ ಎಲೆಯಂಚು ನಿಧಾನವಾಗಿ ಒಳಕ್ಕೆ ಸುರುಳಿಯಾಗಿ ಆ ರಸ ಚೆಲ್ಲದಂತೆ ತಡೆಯುತ್ತದೆ. ಇವೆಲ್ಲ ಸೊಳ್ಳೆಗಿಂತ ಚಿಕ್ಕ ಹುಳುಗಳಿಗೆ ತಕ್ಕ ವ್ಯವಸ್ಥೆ. ಕುಂಡದ ಮಣ್ಣಿನಿಂದ ಏಳುವ ಪುಟ್ಟ ಕರಿನೊಣಗಳು ಇದರ ನಿಜವಾದ ಆಹಾರ, ಮನೆಯಲ್ಲಿ ಬೇರೆ ಗಿಡಗಳಿದ್ದರೆ ಅದು ತಾನೇ ಹಿಡಿದುಕೊಳ್ಳುತ್ತದೆ. ಜಿರಳೆ, ಮಾಂಸದ ಚೂರು ಇಟ್ಟರೆ ಎಲೆ ಅರಗಿಸಲಾರದೆ ಕೊಳೆಯುತ್ತದೆ. ಹುಳುವೇ ಇಲ್ಲದ ಮನೆಯಲ್ಲಿ ಮೀನಿನ ಆಹಾರವನ್ನು ಪುಡಿಮಾಡಿ ಚಿಟಿಕೆಗಿಂತ ಕಡಿಮೆ, ತಿಂಗಳಿಗೆ ಒಂದೆರಡು ಸಲ, ಅಂಟಿರುವ ಎಲೆಗೆ ಮಾತ್ರ ಉದುರಿಸಿ. ಈ ಎಲೆಗಳು ನಿಜಕ್ಕೂ ಜೀರ್ಣಿಸಿಕೊಳ್ಳುತ್ತವೆ ಎಂದು 1875ರಲ್ಲಿ ಚಾರ್ಲ್ಸ್ ಡಾರ್ವಿನ್ ತೋರಿಸಿಕೊಟ್ಟರು. 1878ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರ ಮಗ ಫ್ರಾನ್ಸಿಸ್ ಸನ್‌ಡ್ಯೂ ಗಿಡಗಳಿಗೆ ಮಾಂಸ ಕೊಟ್ಟು ನೋಡಿದಾಗ, ತಿಂದವು ತಿನ್ನದವುಗಳಿಗಿಂತ ಹೆಚ್ಚು ಬೀಜ ಕಟ್ಟಿದವು. ಹುಳು ಸಿಕ್ಕರೆ ಗಿಡ ಹುಲುಸಾಗುತ್ತದೆ, ನಿಜ. ಆದರೆ ಬೆಳಕು ಚೆನ್ನಾಗಿದ್ದರೆ ಹುಳುವಿಲ್ಲದೆಯೂ ಬಹುಕಾಲ ಬದುಕುತ್ತದೆ. ಕೆಟ್ಟ ನೀರಿನಲ್ಲಿ ಬದುಕುವುದಿಲ್ಲ.

ಇನ್ನು ಒಂದೇ ತಟ್ಟೆಯ ಪ್ರಶ್ನೆ: ಬೇಡ. ಸನ್‌ಡ್ಯೂ ಮತ್ತು ಫ್ಲೈಟ್ರ್ಯಾಪ್ ಬೇಸಿಗೆಯಲ್ಲಿ ಒಟ್ಟಿಗಿರಬಹುದು, ಬಟರ್‌ವರ್ಟ್ ಬೇರೆಯೇ ಇರಲಿ. ಸನ್‌ಡ್ಯೂ ಯಾವುದೆಂದು ನೀವು ಬರೆದಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಸನ್‌ಡ್ಯೂ, ಅಂದರೆ ಪಟ್ಟಿಯಂಥ ಉದ್ದ ಎಲೆಯದಾದರೆ, ಅದಕ್ಕೆ ವಿಶ್ರಾಂತಿಯ ಕಾಲವೇ ಬೇಕಿಲ್ಲ, ವರ್ಷವಿಡೀ ತಟ್ಟೆಯಲ್ಲಿ ನೀರು ನಿಂತಿರಲಿ. ಹೊಸಬರಿಗೆ ಅದಕ್ಕಿಂತ ಕ್ಷಮಾಗುಣದ ಕೀಟಾಹಾರಿ ಗಿಡವಿಲ್ಲ.

ಫ್ಲೈಟ್ರ್ಯಾಪ್ ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲಿನದು. ಅಲ್ಲಿ ಚಳಿಗಾಲ ಇದೆ, ಆದರೆ ಬರವಿಲ್ಲ. ಪೀಟ್ ಮತ್ತು ಪರ್ಲೈಟ್ ಸಮಸಮ, ಗೊಬ್ಬರವಿಲ್ಲ, ದಿನದ ಹೆಚ್ಚು ಹೊತ್ತು ನೇರ ಬಿಸಿಲು, ಬೇಸಿಗೆಯಲ್ಲಿ ತಟ್ಟೆಯಲ್ಲಿ ನೀರು. ಚಳಿಗಾಲದಲ್ಲಿ ಸುಮಾರು ಮೂರು ತಿಂಗಳು 10 ಡಿಗ್ರಿಗಿಂತ ತಣ್ಣಗಿರಬೇಕು, ಮಣ್ಣು ಬರೀ ತೇವವಿರಬೇಕು. ಎಲೆಗಳು ಕಪ್ಪಾಗಿ ಗಿಡ ಚಿಕ್ಕದಾದರೆ ಅದೂ ಸಾವಲ್ಲ. ವಿಶ್ರಾಂತಿ ಸಿಗದ ಗಿಡ ವರ್ಷದಿಂದ ವರ್ಷಕ್ಕೆ ಬಡಕಲಾಗುತ್ತದೆ. ಬೆರಳಿಟ್ಟು ಅದರ ಎಲೆಯ ಬಾಯಿ ಮುಚ್ಚಿಸುವ ಆಟ ಮಾತ್ರ ಬೇಡ. ಒಳಗಿನ ಸೂಕ್ಷ್ಮ ರೋಮಗಳನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಬಾಯಿ ಮುಚ್ಚುತ್ತದೆ, ಒಳಗೆ ಹುಳು ಒದ್ದಾಡುತ್ತಲೇ ಇದ್ದರೆ ಮಾತ್ರ ಜೀರ್ಣರಸ ಬರುತ್ತದೆ. ಖಾಲಿ ಮುಚ್ಚಿದ ಬಾಯಿಗೆ ಶ್ರಮವಷ್ಟೇ ದಕ್ಕುವುದು, ಕೆಲವು ಸಲ ಹಾಗಾದರೆ ಆ ಎಲೆಯ ಆಯುಸ್ಸು ಮುಗಿಯುತ್ತದೆ.

ಸಂಗ್ರಹ ಬೆಳೆಸುವ ಮನಸ್ಸಾದರೆ ಮುಂದಿನದಾಗಿ ಯುಟ್ರಿಕ್ಯುಲೇರಿಯ ತನ್ನಿ, ಬಟರ್‌ವರ್ಟ್‌ನದೇ ಕುಟುಂಬ. ಸ್ಯಾಂಡರ್ಸೋನಿ ಎಂಬ ಪ್ರಭೇದ ಒದ್ದೆ ಪೀಟಿನಲ್ಲಿ ಹುಲ್ಲಿನಂತೆ ಹಬ್ಬಿ ಮೊಲದ ಮುಖದಂಥ ಪುಟ್ಟ ಹೂ ಬಿಡುತ್ತದೆ. ಅದರ ಬೇಟೆಯೆಲ್ಲ ಮಣ್ಣಿನೊಳಗೆ: ಬರಿಗಣ್ಣಿಗೆ ಕಷ್ಟದಲ್ಲಿ ಕಾಣುವ ಚೀಲಗಳು ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲಿ ಬಾಯಿ ತೆರೆದು ಜೀವಿಯನ್ನು ಹೀರಿಕೊಳ್ಳುತ್ತವೆ. ಅಮೆರಿಕದ ಹೂಜಿಗಿಡ ಸರಸೇನಿಯಕ್ಕೆ ಫ್ಲೈಟ್ರ್ಯಾಪ್‌ನ ಆರೈಕೆಯೇ ಸಾಕು. ನೆಪೆಂಥಿಸ್ ಹೂಜಿಗಿಡದ ಬುಡದಲ್ಲಿ ನೀರು ನಿಲ್ಲಬಾರದು, ಗಾಳಿಯಲ್ಲಿ ತೇವವಿರಬೇಕು. ಅದರಲ್ಲೂ ತಗ್ಗುಪ್ರದೇಶದವು, ಬೆಟ್ಟದವು ಎಂದು ಎರಡಿವೆ. ಬೆಟ್ಟದವಕ್ಕೆ ರಾತ್ರಿ 15 ಡಿಗ್ರಿ ಆಸುಪಾಸಿನ ತಂಪಿಲ್ಲದಿದ್ದರೆ ಹೂಜಿ ಕಟ್ಟುವುದನ್ನೇ ನಿಲ್ಲಿಸುತ್ತವೆ.

ಕೊಳ್ಳುವಾಗ ಒಂದು ಮಾತು. ನರ್ಸರಿಯಲ್ಲಿ ಅಥವಾ ಅಂಗಾಂಶ ಕೃಷಿಯಲ್ಲಿ ಬೆಳೆದ ಗಿಡವನ್ನೇ, ಪೂರ್ತಿ ಪ್ರಭೇದದ ಹೆಸರು ಕೇಳಿ ತೆಗೆದುಕೊಳ್ಳಿ. ಕಾಡಿನಿಂದ ಕಿತ್ತು ಮಾರುವ ದಂಧೆ ಇವುಗಳ ನೆಲೆಗಳನ್ನೇ ಬರಿದು ಮಾಡುತ್ತಿದೆ. ಉತ್ತರ ಕೆರೊಲಿನಾದಲ್ಲಿ 2014ರ ಡಿಸೆಂಬರ್‌ನಿಂದ ಫ್ಲೈಟ್ರ್ಯಾಪ್ ಕದಿಯುವುದು ಗಂಭೀರ ಅಪರಾಧ. ಮೇಘಾಲಯದ ಹೂಜಿಗಿಡ ನೆಪೆಂಥಿಸ್ ಖಾಸಿಯಾನ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಒಂದೇ ಅಳತೆಯ, ಕಲೆಯಿಲ್ಲದ ಗಿಡಗಳು ಸಾಲಾಗಿದ್ದರೆ ಸಾಮಾನ್ಯವಾಗಿ ಬೆಳೆಸಿದವು. ಗಾತ್ರ ಹೆಚ್ಚುಕಡಿಮೆಯಾಗಿ, ಎಲೆ ಹರಿದು, ಬುಡದಲ್ಲಿ ಕಾಡಿನ ಮಣ್ಣು, ಕಳೆ ಅಂಟಿಕೊಂಡಿದ್ದರೆ ಮಾರುವವರನ್ನು ಮೂಲ ಕೇಳಿ, ಉತ್ತರ ಸರಿಬಾರದಿದ್ದರೆ ಕೊಳ್ಳದೆ ಬನ್ನಿ.